ಕಲ್ಲಿನ ರಥದ ಮೇಲಿದ್ದ ಶಿಖರ

ಐವತ್ತು ರೂಪಾಯಿಯ ಹೊಸ ನೋಟು 2017ರಲ್ಲಿ ಬಂದಾಗ ಅದರ ಬೆನ್ನ ಮೇಲೆ ಹಂಪೆಯ ಕಲ್ಲಿನ ರಥವನ್ನು ಕಂಡು, ಊರು ಬಿಟ್ಟು ಬಂದ ನಮ್ಮಂಥವರಿಗೆ ಹಿಗ್ಗಾದದ್ದು ಸಹಜ. ನಿಜಕ್ಕೂ ಅದು ರಥವಲ್ಲ. ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಗರುಡನ ಗುಡಿ. ನೋಟಿನಲ್ಲಿ ಅದರ ನೆತ್ತಿ ಚಪ್ಪಟೆ. ಹಂಪೆಗೆ ಹೋದಾಗ ನಾವು ಕಾಣುವುದೂ ಹಾಗೆಯೇ. ಆದರೆ 1856ರ ಛಾಯಾಚಿತ್ರವೊಂದರಲ್ಲಿ ಅದೇ ರಥದ ಮೇಲೆ ಇಟ್ಟಿಗೆ ಗಾರೆಯ ಶಿಖರ ನಿಂತಿದೆ!

ಆ ಚಿತ್ರ ತೆಗೆದವನು ಮದರಾಸು ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ. ಅದಕ್ಕೂ ಮೊದಲು, 1854ರಲ್ಲಿ, ಅದೇ ಸೇನೆಯ ಲಿನೀಯಸ್ ಟ್ರೈಪ್ ಡಾಕ್ಟರ್ ನೀಲ್ ಜೊತೆಗೂಡಿ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದಿದ್ದ.

ಗ್ರೀನ್‌ಲಾನ ನೆಗೆಟಿವ್ ಗಾಜಿನದಲ್ಲ, ಕಾಗದದ್ದು. ಕಾಗದಕ್ಕೆ ಮೇಣ ಹಿಡಿಸಿದರೆ ಅದು ಎಣ್ಣೆ ಕುಡಿದಂತೆ ಅರೆಪಾರದರ್ಶಕವಾಗುತ್ತದೆ. ಆಮೇಲೆ ಅಯೊಡೈಡ್ ಲವಣ, ಸಿಲ್ವರ್ ನೈಟ್ರೇಟ್ ದ್ರಾವಣಗಳಲ್ಲಿ ಅದ್ದಿ ಕತ್ತಲಲ್ಲಿ ಒಣಗಿಸಬೇಕು. ಗಾಜಿನ ತಟ್ಟೆಯಾಗಿದ್ದರೆ ಲೇಪ ಆರುವ ಮೊದಲೇ ಚಿತ್ರ ತೆಗೆದು, ಸ್ಥಳದಲ್ಲೇ ತೊಳೆಯಬೇಕಿತ್ತು. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಅದು ಸುಲಭದ ಮಾತೇ? ಮೇಣಗಾಗದವನ್ನಾದರೆ ಮುಂಚೆಯೇ ಸಿದ್ಧಮಾಡಿಕೊಂಡು, ಬಿಡುವಾದಾಗ ಗ್ಯಾಲಿಕ್ ಆಮ್ಲದಲ್ಲಿ ತೊಳೆದುಕೊಳ್ಳಬಹುದಿತ್ತು. ಚಿತ್ರವನ್ನು ಹಿಗ್ಗಿಸುವ ರೂಢಿ ಆಗ ಇರಲಿಲ್ಲ. ನೆಗೆಟಿವ್ ಅನ್ನು ಇನ್ನೊಂದು ಕಾಗದದ ಮೇಲಿಟ್ಟು ಬಿಸಿಲಿಗೆ ಒಡ್ಡುತ್ತಿದ್ದರು. ದೊಡ್ಡ ಚಿತ್ರ ಬೇಕೆಂದರೆ ಕ್ಯಾಮೆರವೇ ದೊಡ್ಡದಿರಬೇಕು. ಇವನ ನೆಗೆಟಿವ್‌ಗಳು ಸುಮಾರು ಒಂದೂವರೆ ಅಡಿಯವು! ಒಂದೊಂದಕ್ಕೂ ಹಲವು ನಿಮಿಷ ಬೆಳಕು ಕೊಡಬೇಕಿತ್ತು. ಇಂಥ ಕೆಲಸಕ್ಕೆ ಕಲ್ಲಿಗಿಂತ ಒಳ್ಳೆಯ ಗಿರಾಕಿ ಯಾರು? ಅಲುಗಾಡುವುದಿಲ್ಲ, ಕೆಮ್ಮುವುದಿಲ್ಲ.

ಶಿಖರದ ಮಾತಿಗೆ ಬರೋಣ. ಅದನ್ನು ಮುಂದೆ ತೆಗೆದುಹಾಕಲಾಯಿತು. ಕೈಯಿಂದ ಬರೆದ ಚಿತ್ರ ಮಾತ್ರ ಉಳಿದಿದ್ದರೆ, ಬರೆದವನ ಕಲ್ಪನೆಯೆಂದು ಯಾರಾದರೂ ತಳ್ಳಿಹಾಕಬಹುದಿತ್ತು. ಮೇಣಗಾಗದಕ್ಕೆ ಕಲ್ಪನೆಯಿಲ್ಲ. ಕಲ್ಲು ಉಳಿದು ಇಟ್ಟಿಗೆ ಅಳಿದ ಊರು ಹಂಪೆ. ಉಳಿದದ್ದನ್ನೇ ಪೂರ್ಣವೆಂದು ನಾವು ಮಕ್ಕಳಿಗೆ ತೋರಿಸುತ್ತಿದ್ದೇವೆ.

ಸುಮಾರು 60 ನೆಗೆಟಿವ್‌ಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಕಣ್ಮರೆಯಾಗಿದ್ದು, 1980ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದವು. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1983ರಲ್ಲಿ ಹಂಪೆಗೆ ಬಂದು, ಗ್ರೀನ್‌ಲಾ ಕ್ಯಾಮೆರ ಇಟ್ಟಿದ್ದ ಜಾಗಗಳನ್ನು ಹುಡುಕಿ ಅದೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ರಥದ ನೆತ್ತಿಯಿಂದ ಏನು ಹೋಯಿತೆಂಬುದು ತಾನಾಗಿ ಕಾಣುತ್ತದೆ.