ಎಣಿಕೆ ಸೊನ್ನೆಯಿಂದಲೋ, ಒಂದರಿಂದಲೋ?

100 ಅಡಿ ಉದ್ದದ ನೇರ ಬೇಲಿಗೆ 10 ಅಡಿಗೊಂದರಂತೆ ಕಂಬ ನೆಡಬೇಕು. ಎಷ್ಟು ಕಂಬ ಬೇಕು? ಥಟ್ಟನೆ ಹೊಳೆಯುವ ಉತ್ತರ 10. ಸರಿಯಾದ ಉತ್ತರ 11. ಹತ್ತು ಎಂಬುದು ಕಂಬಗಳ ಲೆಕ್ಕವಲ್ಲ, ಅವುಗಳ ನಡುವಣ ಅಂತರಗಳ ಲೆಕ್ಕ. ಈ ಒಂದರ ವ್ಯತ್ಯಾಸ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವರನ್ನು ದಶಕಗಳಿಂದ ಕಾಡುತ್ತ ಬಂದಿದೆ. ‘ಬೇಲಿಗಂಬದ ತಪ್ಪು’ ಎಂದೇ ಅವರು ಅದನ್ನು ಕರೆಯುತ್ತಾರೆ.

ಸಾಲಾಗಿ ಇಟ್ಟ ಅಂಶಗಳನ್ನು ಒಂದೊಂದಾಗಿ ಎತ್ತಿಕೊಂಡು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದಕ್ಕೆ ‘ಲೂಪ್’ ಎಂದು ಹೆಸರು. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಹೊರತಂದ ಫೋರ್ಟ್ರಾನ್ ಭಾಷೆಯಲ್ಲಿ ‘ಡು’ ಎಂಬ ಆದೇಶ ಈ ಕೆಲಸ ಮಾಡುತ್ತಿತ್ತು. ಅಲ್ಲಿ ಸಾಲಿನ ಮೊದಲ ಅಂಶದ ಸಂಖ್ಯೆ 1. ಜನರು ಎಣಿಸುವ ರೀತಿಯೂ ಅದೇ.

ಕೇಂಬ್ರಿಜ್‌ನ ಮಾರ್ಟಿನ್ ರಿಚರ್ಡ್ಸ್ 1967ರಲ್ಲಿ ರೂಪಿಸಿದ ಬಿಸಿಪಿಎಲ್ ಭಾಷೆ ಸೊನ್ನೆಯನ್ನು ಹಿಡಿಯಿತು. ಅದರ ಪಾಲಿಗೆ ಸಂಖ್ಯೆ ಎಂದರೆ ಸಾಲಿನ ಆರಂಭದಿಂದ ಇರುವ ದೂರ. ಮೊದಲ ಅಂಶ ಮುಟ್ಟಲು ಒಂದು ಮನೆಯನ್ನೂ ದಾಟಬೇಕಿಲ್ಲ. ಆದ್ದರಿಂದ ಅದು 0. ಈ ರೂಢಿ ‘ಬಿ’ ಭಾಷೆಯ ಮೂಲಕ, ಬೆಲ್ ಪ್ರಯೋಗಾಲಯದ ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ರೂಪಿಸಿದ ‘ಸಿ’ ಭಾಷೆಗೂ ಬಂತು.

ಸೊನ್ನೆಯ ಪರವಾದ ಹೆಸರಾಂತ ವಾದ ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರದು. 2ರಿಂದ 12ರವರೆಗಿನ ಸಂಖ್ಯೆಗಳನ್ನು ‘2ರಿಂದ ಹಿಡಿದು, 13ಕ್ಕಿಂತ ಕಡಿಮೆ’ ಎಂದು ಗುರುತಿಸುವುದೇ ಲೇಸು ಎಂದು ಅವರು 1982ರ ಆಗಸ್ಟ್ 11ರ ಟಿಪ್ಪಣಿಯಲ್ಲಿ ವಾದಿಸಿದರು. ಹಾಗೆ ಹೇಳಿದಾಗ 13ರಲ್ಲಿ 2 ಕಳೆದರೆ ಅಂಶಗಳೆಷ್ಟೆಂಬುದು ನೇರವಾಗಿ ಸಿಗುತ್ತದೆ: 11. ಇದೇ ಕ್ರಮದಲ್ಲಿ ಹತ್ತು ಅಂಶಗಳ ಸಾಲು ‘0ಯಿಂದ ಹಿಡಿದು, 10ಕ್ಕಿಂತ ಕಡಿಮೆ’ ಆಗುತ್ತದೆ. ಒಂದರಿಂದ ಶುರು ಮಾಡಿದರೆ ಗಡಿ 11ಕ್ಕೆ ಜಾರುತ್ತದೆ.

ಆದರೂ ಕೈತಪ್ಪಿ ‘10ರವರೆಗೆ’ ಎಂದು ಬರೆದರೆ ಲೂಪ್ ಹನ್ನೊಂದನೆಯ ಸಲವೂ ತಿರುಗುತ್ತದೆ. ‘ಸಿ’ ಭಾಷೆ ತಾನಾಗಿ ಅದನ್ನು ತಡೆಯುವುದಿಲ್ಲ. ಪಕ್ಕದ ಮಾಹಿತಿ ಕೆಡಬಹುದು, ಕೆಲವೊಮ್ಮೆ ಕಳ್ಳರಿಗೆ ಬಾಗಿಲೂ ತೆರೆದೀತು.

ಎಣಿಕೆಯನ್ನೇ ಬಿಟ್ಟರೆ ಹೇಗೆ? ಪಂಕ್ತಿಯಲ್ಲಿ ಬಡಿಸುವವನು ಎಲೆಗಳನ್ನು ಎಣಿಸುವುದಿಲ್ಲ. ಎಲೆ ಇರುವಷ್ಟು ದೂರ ಬಡಿಸಿ ನಿಲ್ಲುತ್ತಾನೆ. 1970ರ ದಶಕದ ಮಧ್ಯಭಾಗದಲ್ಲಿ ಎಂಐಟಿಯ ಬಾರ್ಬರಾ ಲಿಸ್ಕೋವ್ ತಂಡ ‘ಕ್ಲೂ’ ಭಾಷೆಯಲ್ಲಿ ಇಂಥದೇ ಲೂಪ್ ತಂದಿತು. 1991ರಲ್ಲಿ ಹೊರಬಂದ ಪೈಥಾನ್‌ನಲ್ಲಿ ಅದು ಸಹಜ ರೂಢಿಯಾಯಿತು. 2004ರಲ್ಲಿ ಜಾವಾಕ್ಕೂ ಬಂತು.

ಮೂರನೆಯ ಎಲೆಗೆ ಮಾತ್ರ ಉಪ್ಪು ಬೇಕೆಂದರೆ ಇಂದಿಗೂ ಎಣಿಸಲೇಬೇಕು. ಆಗ ಪೈಥಾನ್‌ನಲ್ಲೂ ಜಾವಾದಲ್ಲೂ ಕೇಳಬೇಕಾದ ಸಂಖ್ಯೆ 2.