ಸತ್ತ ಮಂಗದ ಸುದ್ದಿ

ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯ ಕಡೆಗೆ ಬಯಲುಸೀಮೆಯವರು ಯಾರಾದರೂ ಬಂದರೆ ಊರು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಅಡಿಕೆ ತೋಟದ ತಲೆಯಲ್ಲೊಂದು ಮನೆ, ಗುಡ್ಡ ಹತ್ತಿಳಿದರೆ ಇನ್ನೊಂದು, ಹಳ್ಳದಾಚೆ ಕೂಲಿಯವರ ನಾಲ್ಕಾರು ಮನೆಗಳು. ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳ ಕಥೆಯೂ ಇದೇ. 2011ರ ಜನಗಣತಿಯ ಹೊತ್ತಿಗೆ ಇಡೀ ಶೃಂಗೇರಿ ತಾಲ್ಲೂಕಿನ ಜನಸಂಖ್ಯೆ ಸುಮಾರು 36 ಸಾವಿರ. ಆಗಿನ ಬೆಂಗಳೂರಿನ ಒಂದು ವಾರ್ಡಿನಷ್ಟು ಜನ ಕಾಡು, ಗದ್ದೆ, ತೋಟಗಳ ನಡುವೆ ಚದುರಿಹೋಗಿದ್ದಾರೆ. ಇಂಥ ಸೀಮೆಗೆ ಸಾಂಕ್ರಾಮಿಕ ಬಂದಾಗ ಬೀದಿಗೆ ಹಗ್ಗ ಕಟ್ಟಿ, ನಾಲ್ಕು ಪೊಲೀಸರನ್ನು ನಿಲ್ಲಿಸಿ ಕಾವಲು ಕಾಯುವುದು ಆಗದ ಮಾತು. ಯಾವ ಮನೆಯಲ್ಲಿ ಯಾರಿಗೆ ಜ್ವರ ಬಂದಿದೆ, ಯಾವ ತೋಟದಲ್ಲಿ ಯಾವ ಪ್ರಾಣಿ ಸತ್ತು ಬಿದ್ದಿದೆ ಎನ್ನುವುದು ಆ ಮನೆಯವರು ಬಾಯಿಬಿಟ್ಟು ಹೇಳಿದರಷ್ಟೇ ಹೊರಗೆ ತಿಳಿಯುತ್ತದೆ. ಮಲೆನಾಡು ಕಳೆದ ನೂರಿಪ್ಪತ್ತೈದು ವರ್ಷಗಳಲ್ಲಿ ಕಂಡ ರೋಗಗಳ ಚರಿತ್ರೆಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸುದ್ದಿ ಕೊಟ್ಟವನಿಗೆ ಅದರಿಂದ ನಷ್ಟವಾಗದಂತೆ ನೋಡಿಕೊಂಡಾಗಲೆಲ್ಲ ಊರು ಸುರಕ್ಷಿತವಾಗಿತ್ತು; ಹಾಗೆ ನೋಡಿಕೊಳ್ಳದಿದ್ದಾಗ ರೋಗ ಬಚ್ಚಿಟ್ಟುಕೊಂಡು ಬೆಳೆಯಿತು. ಜನರಿಗೆ ತಿಳಿವಳಿಕೆ ಇದೆಯೇ, ಇಲ್ಲವೇ ಎಂಬ ಚರ್ಚೆ ನಮ್ಮಲ್ಲಿ ಬೇಕಾದಷ್ಟು ನಡೆದಿದೆ. ಹೇಳಿದವನ ಗತಿ ಏನಾಯಿತು ಎಂದು ವಿಚಾರಿಸಿದವರು ಕಡಿಮೆ.

ಪ್ಲೇಗಿನಿಂದಲೇ ಶುರು ಮಾಡಬಹುದು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಹುಬ್ಬಳ್ಳಿಯ ರೈಲು ಹಿಡಿದು 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಇಳಿಯಿತು. ಬ್ರಿಟಿಷ್ ಸರ್ಕಾರ ಅದಾಗಲೇ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಂದಿತ್ತು. ಮೈಸೂರು ಸಂಸ್ಥಾನವೂ ಅದೇ ದಾರಿ ಹಿಡಿದು ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರಾಗಿ ನೇಮಿಸಿತು. ಆಗಿನ ಕ್ರಮ ಹೇಗಿತ್ತೆಂದರೆ, ಮನೆಯಲ್ಲಿ ಒಬ್ಬರಿಗೆ ಗಡ್ಡೆ ಎದ್ದಿದೆ ಎಂದು ಗೊತ್ತಾದರೆ ಸಾಕು, ರೋಗಿ ಆಸ್ಪತ್ರೆಗೆ, ಉಳಿದವರು ಊರಾಚೆಯ ಶಿಬಿರಕ್ಕೆ. ಸೂರಿನ ಹೆಂಚು ತೆಗೆದು ಬಿಸಿಲು ಬಿಡುತ್ತಿದ್ದರು, ಹಾಸಿಗೆ ಬಟ್ಟೆ ಸುಡುತ್ತಿದ್ದರು. ನಿಜ ಹೇಳಿದವನ ಪಾಲಿಗೆ ಉಳಿಯುತ್ತಿದ್ದದ್ದು ಬರಿಯ ಗೋಡೆ. ಅಂದಮೇಲೆ ಜನ ಹೆಣವನ್ನೇ ಮುಚ್ಚಿಟ್ಟರು, ರೋಗಿಯನ್ನು ರಾತ್ರೋರಾತ್ರಿ ನೆಂಟರೂರಿಗೆ ಸಾಗಿಸಿದರು, ರೋಗವೂ ಜೊತೆಗೇ ಹೋಯಿತು. 1898ರಲ್ಲೇ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಜನ ಅಧಿಕಾರಿಗಳ ಮೇಲೆಯೇ ತಿರುಗಿಬಿದ್ದರು. ಅದನ್ನು ಮೂಢನಂಬಿಕೆಯವರ ದೊಂಬಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಅದೇ ಜನ ಇಲಿ ಸತ್ತು ಬಿದ್ದ ಮರುದಿನವೇ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ವಾಸ ಮಾಡುವುದನ್ನು ಕಲಿತಿದ್ದರು. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆಂಬುದು ವಿಜ್ಞಾನಿಗಳ ನಡುವೆ ಇನ್ನೂ ಇತ್ಯರ್ಥವಾಗಿರದ ಕಾಲವದು. ಪ್ಲೇಗ್ ಸಂಶೋಧನಾ ಆಯೋಗ ಅದನ್ನು ಗಟ್ಟಿಮಾಡಿದ್ದು 1905ರ ನಂತರ. ಮನೆ ಬಿಡುವುದರಿಂದ ಕಷ್ಟವಿತ್ತು, ಆದರೆ ಮನೆ ಉಳಿಯುತ್ತಿತ್ತು, ಸಂಸಾರ ಒಟ್ಟಿಗಿರುತ್ತಿತ್ತು. ಸರ್ಕಾರ ಕೆಲವೇ ವರ್ಷಗಳಲ್ಲಿ ಬಲವಂತದ ಶೋಧ, ಶಿಬಿರಗಳನ್ನು ಸಡಿಲಿಸಿ, ಸ್ವಂತ ಇಚ್ಛೆಯಿಂದ ಊರು ತೆರವು ಮಾಡುವುದಕ್ಕೂ ಚುಚ್ಚುಮದ್ದಿಗೂ ಒತ್ತು ಕೊಟ್ಟಿತು. ಜನರ ಹಟಕ್ಕೆ ಸೋತು ಹಾಗೆ ಮಾಡಿತೇ, ವಿವೇಕದಿಂದ ಮಾಡಿತೇ ಎಂಬುದು ಬೇರೆ ಪ್ರಶ್ನೆ. ಬಹುಶಃ ಎರಡೂ ಇರಬೇಕು.

ಹಾಗೆಂದು ಊರಿನವರು ತಾವಾಗಿ ಮಾಡಿಕೊಂಡ ವ್ಯವಸ್ಥೆಯೆಲ್ಲ ಒಳ್ಳೆಯದೇ ಎಂದೂ ಹೇಳುವಂತಿಲ್ಲ. ಸಿಡುಬು, ಕಾಲರಾ ಬಂದಾಗ ಮಾರಿಗೆ ಪೂಜೆ ಮಾಡಿ, ಅವಳನ್ನು ಮೆರವಣಿಗೆಯಲ್ಲಿ ಒಯ್ದು ಊರ ಗಡಿ ದಾಟಿಸಿ ಬರುವ ಆಚರಣೆ ಮಲೆನಾಡು, ಕರಾವಳಿಯ ಹಲವೆಡೆ ಇತ್ತು. ಗಡಿಯಾಚೆಯ ಊರಿನವರು ಎದ್ದು ನೋಡಿದರೆ ಮಾರಿ ತಮ್ಮ ಪಾಲಿಗೆ ಬಂದಿರುತ್ತಿದ್ದಳು. ಅವರು ಮುಂದಿನ ಊರಿಗೆ ಕಳಿಸಬೇಕು. ಭಕ್ತಿಯ ಮಾತು ಏನೇ ಇರಲಿ, ನಮ್ಮ ಊರು ಉಳಿದರೆ ಸಾಕು, ಪಕ್ಕದ ಊರಿನ ಹಣೆಬರಹ ಅವರದು ಎಂಬ ಲೆಕ್ಕಾಚಾರ ಅದರಲ್ಲಿದೆ. ಈ ಲೆಕ್ಕಾಚಾರ 2020ರಲ್ಲಿ ಮತ್ತೆ ತಲೆ ಎತ್ತಿತು, ಅದಕ್ಕೆ ಆಮೇಲೆ ಬರುತ್ತೇನೆ.

ಮಲೆನಾಡನ್ನು ನಿಜವಾಗಿ ಬರಿದು ಮಾಡಿದ್ದು ಪ್ಲೇಗಲ್ಲ, ಚಳಿಜ್ವರ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸಂಸ್ಥಾನದ ಮಲೆನಾಡು ತಾಲ್ಲೂಕುಗಳ ಜನಸಂಖ್ಯೆ ಕುಗ್ಗುತ್ತಾ ಹೋದದ್ದು ಸರ್ಕಾರಕ್ಕೇ ತಲೆನೋವಾಗಿ, ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಮಲೆನಾಡಿನ ಅಭಿವೃದ್ಧಿಗೆಂದೇ ಯೋಜನೆ ಮಾಡಬೇಕಾಯಿತು. ಇಲ್ಲಿನ ಮಲೇರಿಯಾ ಸೊಳ್ಳೆ ಫ್ಲೂವಿಯಾಟಿಲಿಸ್ ಕೊಳೆತ ನೀರಿನದಲ್ಲ. ಸಣ್ಣಗೆ ಹರಿಯುವ ತಿಳಿನೀರಿನಲ್ಲಿ, ಅಂದರೆ ತೋಟದ ಕಪ್ಪಿನ ಕಾಲುವೆಯಲ್ಲಿ, ಗದ್ದೆಯಂಚಿನ ಹಳ್ಳದಲ್ಲಿ ಮೊಟ್ಟೆಯಿಡುತ್ತದೆ. ನೀರು ಹರಿಯದಿದ್ದರೆ ಅಡಿಕೆಯಿಲ್ಲ, ಹರಿದರೆ ಜ್ವರ. ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನ ಮೂಡಿಗೆರೆಯಲ್ಲಿ ಮಲೇರಿಯಾ ಅಧ್ಯಯನ ಕೇಂದ್ರ ನಡೆಸಿತು. ಮಕ್ಕಳ ಹೊಟ್ಟೆ ಮುಟ್ಟಿ ಜ್ವರಗಡ್ಡೆ ಊದಿದೆಯೇ ಎಂದು ನೋಡಿ ಊರಿಗೂರಿನ ಲೆಕ್ಕ ಬರೆಯುವುದು ಆಗಿನ ಪದ್ಧತಿ. ಕೊನೆಗೆ ಜ್ವರವನ್ನು ಇಳಿಸಿದ್ದು ಡಿಡಿಟಿ ಎಂಬ ಕೀಟನಾಶಕ ಪುಡಿ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಬಂದವು.

ಇಲ್ಲಿ ಒಂದು ಆಕ್ಷೇಪ ಸಹಜ. ಮಲೇರಿಯಾ ಹೋದದ್ದು ಪುಡಿಯಿಂದ, ಜನರ ಸಹಕಾರದಿಂದಲ್ಲ. ಹೀಗಿರುವಾಗ ಸುದ್ದಿ ಕೊಡುವವರ ಮಾತು ಯಾಕೆ? ಅರ್ಧ ಸತ್ಯ ಇದರಲ್ಲಿದೆ. ಡಿಡಿಟಿ ಇಲ್ಲದೆ ಸಹಕಾರವೊಂದರಿಂದಲೇ ಆ ಸೊಳ್ಳೆ ಹೋಗುತ್ತಿರಲಿಲ್ಲ, ಅದನ್ನು ಒಪ್ಪಲೇಬೇಕು. ಆದರೆ ಸಿಂಪಡಣೆಯ ನಂತರದ ಹಂತವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹದಿನೈದು ದಿನಕ್ಕೊಮ್ಮೆ ಮಲೇರಿಯಾದವನು ಮನೆಗೆ ಬರುತ್ತಿದ್ದ. ಜ್ವರ ಯಾರಿಗಾದರೂ ಬಂದಿತ್ತೇ ಎಂದು ಕೇಳುತ್ತಿದ್ದ. ಬಂದಿದೆ ಎಂದರೆ ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಮೇಲೆ ರಕ್ತದ ತೊಟ್ಟು ಸವರಿಕೊಂಡು, ವರದಿ ಬರುವ ಮೊದಲೇ ಕ್ಲೋರೋಕ್ವಿನ್ ಮಾತ್ರೆ ಕೊಟ್ಟು, ಬಾಗಿಲ ಪಕ್ಕದ ಗೋಡೆಯಲ್ಲಿ ತಾರೀಖು ಬರೆದು ಹೋಗುತ್ತಿದ್ದ. ಪ್ಲೇಗಿನ ಕಾಲಕ್ಕೆ ಇದನ್ನು ಹೋಲಿಸಿ. ಆಗ ಜ್ವರ ಎಂದು ಬಾಯಿಬಿಟ್ಟರೆ ಸೂರು ಹೋಗುತ್ತಿತ್ತು. ಈಗ ಬಾಯಿಬಿಟ್ಟರೆ ಮಾತ್ರೆ ಸಿಗುತ್ತಿತ್ತು. ಯಾರಿಗೂ ಜ್ವರ ಮುಚ್ಚಿಡುವ ಕಾರಣವೇ ಇರಲಿಲ್ಲ. ಮುಂದೆ ಈ ಮನೆಭೇಟಿ ಸೊರಗಿದಾಗ, ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡಾಗ, ದೇಶದಲ್ಲಿ ಮಲೇರಿಯಾ ಮರುಕಳಿಸಿತು. 1976ರಲ್ಲಿ ದಾಖಲಾದ ಪ್ರಕರಣಗಳು 64 ಲಕ್ಷ ದಾಟಿದವು. ಪುಡಿ ಒಂದೇ ಸಾಕಾಗಿದ್ದರೆ ಹೀಗಾಗಬಾರದಿತ್ತು.

ಮಂಗನ ಕಾಯಿಲೆಗೆ ಬಂದರೆ ವಾದ ಇನ್ನೂ ಸ್ಪಷ್ಟವಾಗುತ್ತದೆ. 1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸಿಯಗಳು ಸಾಲುಸಾಲಾಗಿ ಸತ್ತವು, ಹಿಂದೆಯೇ ಕಾಡಿಗೆ ಹೋಗಿ ಬಂದವರು ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮೊದಲು ಹಳದಿ ಜ್ವರವಿರಬಹುದೆಂದು ಹೆದರಿದರು. ಆಮೇಲೆ ಇದು ಉಣುಗಿನಿಂದ ಹರಡುವ ಹೊಸ ವೈರಸ್ಸೆಂದು ಗೊತ್ತಾಯಿತು. ಮುಂದಿನ ದಶಕಗಳಲ್ಲಿ ಅದು ಸೊರಬದ ಗಡಿ ದಾಟಿತು. ಬೆಳ್ತಂಗಡಿಯಲ್ಲಿ ಕಾಣಿಸಿತು, 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅನೇಕರ ಜೀವ ತೆಗೆಯಿತು, 2024ರ ಹೊತ್ತಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಿಗೂ ಅದರ ಭಯ ಬಂತು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ಹಾಗಾಗಿ ಇದು ಜಗದ್ವ್ಯಾಪಿ ಪಿಡುಗಲ್ಲ. ಆದರೆ ಊರಿನ ಎಚ್ಚರ ಎಂದರೇನು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಯಾಕೆಂದರೆ ಇಲ್ಲಿ ಮೊದಲ ಎಚ್ಚರಿಕೆ ಕೊಡುವುದು ಸತ್ತ ಮಂಗ. ಅದು ಬಿದ್ದಿರುವುದು ತೋಟದ ಮೂಲೆಯಲ್ಲೋ, ಸೊಪ್ಪಿನಬೆಟ್ಟದಲ್ಲೋ. ಸತ್ತ ಮಂಗದ ಮೈ ತಣ್ಣಗಾದೊಡನೆ ಉಣುಗುಗಳು ಇಳಿದು ಸುತ್ತ ಹರಡುತ್ತವೆ. ಬೇಗ ಸುದ್ದಿ ಮುಟ್ಟಿದರೆ ಪಶುವೈದ್ಯರು ಬಂದು ಮಾದರಿ ತೆಗೆದು, ದೇಹ ಸುಟ್ಟು, ಸುತ್ತ ಐವತ್ತು ಮೀಟರ್‌ವರೆಗೆ ಮೆಲಾಥಿಯಾನ್ ಪುಡಿ ಹಾಕುತ್ತಾರೆ. ಸುದ್ದಿ ಮುಟ್ಟದಿದ್ದರೆ ದನ ಮೇಯಿಸಲು ಹೋದವನ ಕಾಲಿಗೆ ಉಣುಗು ಹತ್ತುತ್ತದೆ.

ಸುದ್ದಿ ಯಾಕೆ ಮುಟ್ಟುವುದಿಲ್ಲ? ತಿಳಿವಳಿಕೆ ಸಾಲದು ಎಂಬುದು ಇಲಾಖೆಗಳ ಸಿದ್ಧ ಉತ್ತರ. ಮಲೆನಾಡಿನ ಅಜ್ಜಿಗೂ ಮಂಗ ಸತ್ತರೆ ಏನೆಂದು ಗೊತ್ತಿದೆ. ಗೊತ್ತಿದ್ದೂ ಸುಮ್ಮನಿರುವುದಕ್ಕೆ ಕಾರಣ ಬೇರೆ. ಮಂಗ ಸತ್ತಿದೆ ಎಂದು ತಿಳಿದ ಮರುದಿನದಿಂದ ಆ ಬೆಟ್ಟಕ್ಕೆ ಹೋಗಬೇಡಿ ಎನ್ನುತ್ತಾರೆ. ರೋಗದ ಕಾಲ ಡಿಸೆಂಬರಿನಿಂದ ಮೇವರೆಗೆ. ಕೊಟ್ಟಿಗೆಗೆ ಹಾಸಲು, ಗೊಬ್ಬರ ಮಾಡಲು ದರಗು, ಅಂದರೆ ಒಣಗಿದ ಎಲೆ, ಗುಡಿಸಿ ತರುವ ಕಾಲವೂ ಅದೇ. ದರಗಿಲ್ಲದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ, ದರಗು ಹೊರುವವರಿಗೆ ಆ ದಿನದ ಕೂಲಿಯೂ ಇಲ್ಲ. ಅಡಿಕೆಯ ಹಳದಿ ಎಲೆ ರೋಗದಿಂದ ತೋಟವೇ ಬಡವಾಗಿರುವ ಶೃಂಗೇರಿ, ಕೊಪ್ಪದ ಸಣ್ಣ ಹಿಡುವಳಿದಾರನಿಗೆ ಇದು ಚಿಲ್ಲರೆ ನಷ್ಟವಲ್ಲ. ಲಸಿಕೆಯ ಕಥೆಯೂ ಇದಕ್ಕೆ ಹೊಂದುತ್ತದೆ. ಒಂದು ತಿಂಗಳ ಅಂತರದಲ್ಲಿ ಎರಡು ಚುಚ್ಚು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷ ಮತ್ತೆ ಹಾಕಿಸಿಕೊಳ್ಳಬೇಕಿತ್ತು. ಕೈ ಊದಿ ನೋವು. ಕೂಲಿಯವನಿಗೆ ಪ್ರತಿ ಚುಚ್ಚೂ ಒಂದೆರಡು ದಿನದ ಸಂಬಳ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಎರಡು ಡೋಸಿಗೆ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು ರಕ್ಷಣೆ ಕಂಡಿತ್ತು. ಆದರೆ ಬೂಸ್ಟರ್‌ವರೆಗೆ ಬಂದವರು ಕಡಿಮೆ. ಲಸಿಕೆಯ ಶಕ್ತಿಯೇ ಕುಂದಿದೆ ಎಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಈಗ ಇರುವುದು ಮೈಗೆ ಹಚ್ಚುವ ಎಣ್ಣೆ ಮತ್ತು ಸತ್ತ ಮಂಗದ ಸುದ್ದಿ.

ಕೊರೊನಾ ಕಾಲದ ಲೆಕ್ಕವನ್ನು ಈ ಹಿನ್ನೆಲೆಯಲ್ಲಿ ಬಿಡಿಸಬೇಕು. 2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆ ಬೀಗ ಬಿದ್ದಾಗ ಹಲವು ಹಳ್ಳಿಗಳು ತಾವಾಗಿಯೇ ರಸ್ತೆಗೆ ಮರ ಕಡಿದು ಅಡ್ಡ ಹಾಕಿಕೊಂಡವು, ಬೇಲಿ ಕಟ್ಟಿಕೊಂಡವು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಮೇ ಮಧ್ಯದವರೆಗೂ ಒಂದು ಪ್ರಕರಣವೂ ದಾಖಲಾಗಲಿಲ್ಲ. ಬಿಗಿ ಹಿಡಿತ ಕೆಲಸ ಮಾಡಿತಲ್ಲ ಎಂದು ಯಾರಾದರೂ ಕೇಳಿದರೆ, ಅಷ್ಟು ದಿನದ ಮಟ್ಟಿಗೆ ಮಾಡಿತು ಎನ್ನಲೇಬೇಕು. ಆದರೆ ಮಾರಿಯನ್ನು ಗಡಿ ದಾಟಿಸಿದ ಲೆಕ್ಕಾಚಾರಕ್ಕೆ ಒಂದು ತೊಡಕಿದೆ: ಈ ಬಾರಿ ಗಡಿಯಾಚೆ ಇದ್ದವರು ಸ್ವಂತ ಮಕ್ಕಳೇ. ಮಲೆನಾಡಿನ ಮನೆಮನೆಯ ಹುಡುಗರು ಬೆಂಗಳೂರಿನಲ್ಲಿದ್ದರು. ಕೆಲಸ ಹೋಯಿತು, ಊಟಕ್ಕೆ ಕಷ್ಟವಾಯಿತು, ಬಂದರು. ಬೇಲಿಯ ಅರ್ಥ ಆಗ ಬದಲಾಯಿತು. ಮಗ ರಾತ್ರಿ ಬಂದಿದ್ದಾನೆ ಎಂದು ಮನೆಯವರು ಹೇಳಿದರೆ ಹಾಲಿನವನೂ ಬಾರದೆ, ಅಂಗಡಿಯವನೂ ಮುಖ ಕೊಡದೆ ಹೋಗುವಂತಿದ್ದರೆ ಯಾರು ಹೇಳುತ್ತಾರೆ? ರಾಜ್ಯ ಸರ್ಕಾರ ಏಪ್ರಿಲ್‌ನಲ್ಲಿ ತಂದ ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆ ಶಿಕ್ಷೆಯ ಮಾತನ್ನಾಡಿತು. 1897ರ ಕಾಯ್ದೆಯ ಮೊಮ್ಮಗ ಎನ್ನಬಹುದು. ಬೆಂಗಳೂರಿನಲ್ಲಿ ಆಶಾ ಕಾರ್ಯಕರ್ತೆಯ ಮೇಲೆ ಹಲ್ಲೆ ನಡೆದ ಮೇಲೆ ಅವರಿಗೆ ರಕ್ಷಣೆ ಬೇಕಿತ್ತು, ಸರಿ. ಆದರೆ ಶಿಕ್ಷೆಯ ಭಯದಿಂದ ಬಾಯಿ ಮುಚ್ಚಿಸಬಹುದು, ತೆರೆಸುವುದು ಕಷ್ಟ.

ಈ ಕಾಲದ ಇನ್ನೊಂದು ಸಂಗತಿಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳ ಅವಧಿ 2020ರ ಮಧ್ಯದಲ್ಲಿ ಮುಗಿಯಿತು. ಚುನಾವಣೆ ನಡೆದದ್ದು ಡಿಸೆಂಬರ್ 22 ಮತ್ತು 27ರಂದು. ಮೊದಲ ಅಲೆ ಏರಿದ ಅಷ್ಟೂ ತಿಂಗಳು ಅಡ್ಡಗದ್ದೆಯಂಥ ಪಂಚಾಯಿತಿಗಳು ಆಡಳಿತಾಧಿಕಾರಿಗಳ ಕೈಯಲ್ಲಿದ್ದವು, ಊರಿನವರೇ ಆರಿಸಿದ ಸದಸ್ಯರು ಅಧಿಕಾರದಲ್ಲಿರಲಿಲ್ಲ. ಅದೇ ವರ್ಷದ ಜುಲೈನಲ್ಲಿ ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ರೂಪಾಯಿ ಖಚಿತ ಗೌರವಧನ ಬೇಕೆಂದು ಮುಷ್ಕರ ಹೂಡಿದರು. ಅಂದರೆ ಮನೆಯಿಂದ ಸುದ್ದಿ ತರುವವಳಿಗೂ ನ್ಯಾಯವಾದ ಸಂಬಳವಿರಲಿಲ್ಲ, ಸುದ್ದಿ ಕೊಟ್ಟವರ ಪರವಾಗಿ ಮಾತಾಡುವ ಸದಸ್ಯನೂ ಇರಲಿಲ್ಲ. 2021ರ ಎರಡನೆಯ ಅಲೆಯ ಹೊತ್ತಿಗೆ ಹೊಸ ಸದಸ್ಯರಿದ್ದರು, ಕಾರ್ಯಪಡೆಗಳಿದ್ದವು, ಪಂಚಾಯಿತಿಗೆ ತಲಾ 50 ಸಾವಿರ ರೂಪಾಯಿಯನ್ನೂ ಸರ್ಕಾರ ಘೋಷಿಸಿತು. ಆದರೆ ಅಷ್ಟರಲ್ಲಿ ವೈರಸ್ಸು ಹಳ್ಳಿಗಳ ಒಳಗಿತ್ತು, ಆ ದುಡ್ಡಿನಲ್ಲಿ ಗುಡ್ಡಗಾಡಿನ ಪಂಚಾಯಿತಿಯೊಂದು ಎಷ್ಟು ದಿನ ಗಾಡಿ ಓಡಿಸಬಹುದಿತ್ತು ಎಂದು ಊಹಿಸುವುದು ಕಷ್ಟವಲ್ಲ.

ಹೇಳಿದವನ ನಷ್ಟ ತುಂಬಿಕೊಡಬೇಕು ಎಂದರೆ ಎರಡು ಆಕ್ಷೇಪ ಏಳುತ್ತವೆ. ಸುದ್ದಿ ಕೊಟ್ಟವರಿಗೆಲ್ಲ ಪರಿಹಾರ ಕೊಡಲು ಹೊರಟರೆ ಸುಳ್ಳು ಸುದ್ದಿಯ ಸುಗ್ಗಿಯಾಗುತ್ತದೆ ಎಂಬುದು ಮೊದಲನೆಯದು. ಸತ್ತ ಮಂಗವನ್ನು ಸುಳ್ಳೇ ಹುಟ್ಟಿಸಲು ಬರುವುದಿಲ್ಲ. ಅದರ ಮಾದರಿ ಶಿವಮೊಗ್ಗದ ಪ್ರಯೋಗಾಲಯಕ್ಕೆ ಹೋಗುತ್ತದೆ. ನಷ್ಟವೆಂದರೆ ದುಡ್ಡೊಂದೇ ಅಲ್ಲ, ಮರ್ಯಾದೆಯೂ ಹೌದು, ಅದನ್ನು ಯಾವ ಖಜಾನೆ ತುಂಬಿಕೊಟ್ಟೀತು ಎಂಬ ಎರಡನೆಯ ಆಕ್ಷೇಪವೇ ಹೆಚ್ಚು ತೂಕದ್ದು. ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಮನೆ ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸಿ, ಕೈಗೆ ಮುದ್ರೆ ಒತ್ತಿ ಕಳಿಸಿದ ಪದ್ಧತಿ ಆ ನಷ್ಟವನ್ನು ಹೆಚ್ಚಿಸಿತು ಎಂಬಷ್ಟನ್ನು ಖಚಿತವಾಗಿ ಹೇಳಬಲ್ಲೆ. ಮಲೇರಿಯಾದವನೂ ಗೋಡೆಯಲ್ಲಿ ಬರೆಯುತ್ತಿದ್ದ. ಆದರೆ ಅವನು ಎಲ್ಲ ಮನೆಯ ಗೋಡೆಯಲ್ಲೂ ಬರೆಯುತ್ತಿದ್ದ, ಜ್ವರ ಬಂದ ಮನೆಯದರಲ್ಲಿ ಮಾತ್ರ ಅಲ್ಲ. ಇನ್ನು ದುಡ್ಡಿನ ಮಾತು. ಕಾಡಾನೆ ನುಗ್ಗಿ ತೋಟ ಹಾಳಾದರೆ ಅರಣ್ಯ ಇಲಾಖೆ ಅಳತೆ ಮಾಡಿ ಪರಿಹಾರ ಕೊಡುತ್ತದೆ. ಉಣುಗಿನ ಕಾಲದಲ್ಲಿ ಬೆಟ್ಟಕ್ಕೆ ಹೋಗಬೇಡ ಎನ್ನಿಸಿಕೊಂಡವನ ಕೂಲಿಯನ್ನು ಹಾಗೆ ಅಳೆದು ಕೊಡುವ ಕ್ರಮ ಇನ್ನೂ ರೂಢಿಗೆ ಬಂದಿಲ್ಲ. ಉದ್ಯೋಗ ಖಾತರಿಯ ಕೆಲಸವನ್ನು ಡಿಸೆಂಬರಿನಿಂದ ಮೇವರೆಗೆ ಕಾಡಿನ ಹೊರಗಿನ ಕಾಮಗಾರಿಗಳಿಗೆ ಮೀಸಲಿಟ್ಟು, ಮಂಗ ಸತ್ತ ಜಾಗದ ಸುತ್ತಲಿನ ಮನೆಗಳಿಗೆ ಮೊದಲು ಕೊಡುವುದೆಂದು ನವೆಂಬರಿನ ಗ್ರಾಮಸಭೆಯಲ್ಲೇ ಬರೆದಿಟ್ಟುಕೊಂಡರೆ ಅದಕ್ಕೆ ಹೊಸ ಕಾಯ್ದೆಯೇನೂ ಬೇಕಾಗದು.