ದೂರವಾಣಿಯ ತಂತಿ ಮತ್ತು ಅಕ್ಷರದ ವೇಗ

ಮನುಷ್ಯನ ಮಾತನ್ನು ಸಾಗಿಸುವುದಕ್ಕೆಂದು ಎಳೆದ ತಾಮ್ರದ ತಂತಿಯ ಮೇಲೆ ಅಕ್ಷರಗಳನ್ನು ಸಾಗಿಸುವ ಪ್ರಯತ್ನಕ್ಕೆ ಒಂದು ಸ್ವಾರಸ್ಯವಾದ ಚರಿತ್ರೆಯಿದೆ. ೧೯೬೨ರಲ್ಲಿ ಅಮೆರಿಕದ ಎ.ಟಿ. ಅಂಡ್ ಟಿ. ಸಂಸ್ಥೆಯು ಬೆಲ್ ೧೦೩ ಎಂಬ ಮೋಡೆಮ್ ಉಪಕರಣವನ್ನು ಮಾರಾಟಕ್ಕೆ ತಂದಾಗ ಅದರ ವೇಗ ಸೆಕೆಂಡಿಗೆ ೩೦೦ ಬಿಟ್‌ಗಳು. ೧೯೯೮ರಲ್ಲಿ ವಿ.೯೦ ಎಂಬ ಅಂತರರಾಷ್ಟ್ರೀಯ ಮಾನದಂಡ ರೂಪುಗೊಂಡಾಗ ಅದು ೫೬,೦೦೦ಕ್ಕೆ ಏರಿತ್ತು. ಮನೆಯಿಂದ ವಿನಿಮಯ ಕೇಂದ್ರಕ್ಕೆ ಹೋಗುವ ತಂತಿ ಮಾತ್ರ ಅದೇ. ತಂತಿಯನ್ನು ಬದಲಿಸದೆ ಮೂವತ್ತಾರು ವರ್ಷಗಳಲ್ಲಿ ವೇಗವನ್ನು ನೂರೆಂಬತ್ತಕ್ಕೂ ಹೆಚ್ಚು ಪಟ್ಟು ಏರಿಸಿದ್ದು ಹೇಗೆ? ಇದು ಕೇವಲ ಯಂತ್ರಜ್ಞರ ಪ್ರಶ್ನೆಯಲ್ಲ. ಒಂದು ಮಿತಿ ಎದುರಾದಾಗ ಅದು ಯಾರು ಹಾಕಿದ ಮಿತಿ ಎಂದು ವಿವೇಚಿಸುವ ಪ್ರಶ್ನೆ.

ದೂರವಾಣಿಯ ಜಾಲವು ಸೆಕೆಂಡಿಗೆ ಸುಮಾರು ೩೦೦ರಿಂದ ೩,೪೦೦ ಕಂಪನಗಳವರೆಗಿನ ನಾದವನ್ನು ಮಾತ್ರ ಸಾಗಿಸುತ್ತಿತ್ತು. ಮಾತು ಅರ್ಥವಾಗುವುದಕ್ಕೆ ಅಷ್ಟು ಸಾಕು. ಮೋಡೆಮ್ ಮಾಡುತ್ತಿದ್ದುದು ಇಷ್ಟೇ: ಗಣಕಯಂತ್ರದ ಸೊನ್ನೆ ಮತ್ತು ಒಂದುಗಳನ್ನು ಎರಡು ಬೇರೆ ಬೇರೆ ಶ್ರುತಿಗಳನ್ನಾಗಿ ಮಾಡಿ ಹಾಡುವುದು, ಆಚೆಯ ತುದಿಯಲ್ಲಿ ಆ ಹಾಡನ್ನು ಕೇಳಿ ಮತ್ತೆ ಸೊನ್ನೆ ಒಂದುಗಳನ್ನಾಗಿ ಬರೆದುಕೊಳ್ಳುವುದು. ೩೦೦ ಬಿಟ್‌ಗಳ ವೇಗದಲ್ಲಿ ಸೆಕೆಂಡಿಗೆ ಸುಮಾರು ಮೂವತ್ತು ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು. ಎರಡು ಸಾವಿರ ಅಕ್ಷರಗಳ ಒಂದು ಪುಟಕ್ಕೆ ಒಂದು ನಿಮಿಷಕ್ಕೂ ಮಿಗಿಲಾದ ಕಾಲ ಬೇಕಾಗುತ್ತಿತ್ತು.

ಮೊದಲು ಎದುರಾದ ಅಡ್ಡಿ ಪ್ರಕೃತಿಯದಲ್ಲ, ಅನುಮತಿಯದು. ಅಮೆರಿಕದಲ್ಲಿ ದೂರವಾಣಿ ಕಂಪೆನಿಯು ತನ್ನ ಜಾಲಕ್ಕೆ ಹೊರಗಿನವರ ಉಪಕರಣಗಳನ್ನು ಜೋಡಿಸಲು ಬಿಡುತ್ತಿರಲಿಲ್ಲ. ಆದುದರಿಂದ ರಿಸೀವರನ್ನು ಎರಡು ರಬ್ಬರ್ ಬಟ್ಟಲುಗಳಲ್ಲಿ ಮಲಗಿಸಿ, ಧ್ವನಿಯನ್ನು ಗಾಳಿಯ ಮೂಲಕ ದಾಟಿಸುವ ಉಪಾಯ ಬಳಕೆಗೆ ಬಂತು. ೧೯೬೮ರಲ್ಲಿ ಕಾರ್ಟರ್‌ಫೋನ್ ಪ್ರಕರಣದಲ್ಲಿ ಅಲ್ಲಿನ ಫೆಡರಲ್ ಸಂಪರ್ಕ ಆಯೋಗವು ಜಾಲಕ್ಕೆ ಹಾನಿ ಮಾಡದ ಉಪಕರಣವನ್ನು ನಿಷೇಧಿಸಲಾಗದೆಂದು ತೀರ್ಪಿತ್ತಿತು. ಅನೇಕ ತಯಾರಕರು ಈ ಕ್ಷೇತ್ರಕ್ಕೆ ಇಳಿಯುವುದಕ್ಕೆ ದಾರಿಯಾದದ್ದು ಆಗ.

ಇನ್ನು ವೇಗದ ವಿಚಾರ. ಕಿರಿದಾದ ನಾದಮಾರ್ಗದಲ್ಲಿ ಸೆಕೆಂಡಿಗೆ ಇಷ್ಟೇ ಸಂಕೇತಗಳನ್ನು ಕಳಿಸಬಹುದೆಂಬ ನಿರ್ಬಂಧವಿದೆ. ಆದರೆ ಒಂದೊಂದು ಸಂಕೇತಕ್ಕೂ ಹೆಚ್ಚು ಅರ್ಥವನ್ನು ಹೊರಿಸಬಹುದಲ್ಲ! ನಮ್ಮ ಛಂದಶ್ಶಾಸ್ತ್ರದ ಪ್ರಸ್ತಾರವನ್ನು ನೆನೆಯಿರಿ. ನಾಲ್ಕು ಅಕ್ಷರಗಳ ಪಾದದಲ್ಲಿ ಲಘು ಗುರುಗಳನ್ನು ೧೬ ಬಗೆಯಲ್ಲಿ ಜೋಡಿಸಬಹುದು. ಹಾಗೆಯೇ ನಾದದ ಎತ್ತರವನ್ನೂ ಅದು ಆರಂಭವಾಗುವ ಗಳಿಗೆಯನ್ನೂ ವ್ಯತ್ಯಾಸಗೊಳಿಸಿ ೧೬ ಬೇರೆ ಬೇರೆ ಸಂಕೇತಗಳನ್ನು ಮಾಡಿದರೆ, ಒಂದು ಸಂಕೇತವೇ ನಾಲ್ಕು ಬಿಟ್‌ಗಳನ್ನು ಹೊರುತ್ತದೆ. ಸೆಕೆಂಡಿಗೆ ೨,೪೦೦ ಸಂಕೇತಗಳಾದರೆ ೯,೬೦೦ ಬಿಟ್‌ಗಳಾದವು. ೧೯೮೪ರ ವಿ.೩೨ ಮಾನದಂಡದ ಲೆಕ್ಕ ಇದೇ.

ಹಾಗಾದರೆ ಸಂಕೇತಗಳ ಬಗೆಗಳನ್ನು ಹೆಚ್ಚಿಸುತ್ತಲೇ ಹೋಗಬಾರದೇಕೆ? ತಂತಿಯ ಗದ್ದಲ ಅದಕ್ಕೆ ಬಿಡುವುದಿಲ್ಲ. ಸಂಕೇತಗಳು ಒಂದಕ್ಕೊಂದು ತೀರ ಹತ್ತಿರವಾದಂತೆ ಗದ್ದಲವು ಒಂದನ್ನು ಇನ್ನೊಂದೆಂದು ಭ್ರಮೆ ಹುಟ್ಟಿಸುತ್ತದೆ. ೧೯೪೮ರಲ್ಲಿ ಬೆಲ್ ಪ್ರಯೋಗಶಾಲೆಯ ಕ್ಲಾಡ್ ಶ್ಯಾನನ್ ಈ ಮಿತಿಯನ್ನು ಸೂತ್ರರೂಪದಲ್ಲಿ ನಿರೂಪಿಸಿದರು. ೩,೧೦೦ ಕಂಪನಗಳ ಅಗಲದ ಮಾರ್ಗದಲ್ಲಿ ಸಂಕೇತದ ಶಕ್ತಿ ಗದ್ದಲಕ್ಕಿಂತ ಸಾವಿರ ಪಟ್ಟು ಇದ್ದರೆ, ಸೆಕೆಂಡಿಗೆ ಸುಮಾರು ೩೧,೦೦೦ ಬಿಟ್‌ಗಳಿಗಿಂತ ಹೆಚ್ಚನ್ನು ತಪ್ಪಿಲ್ಲದೆ ಕಳಿಸುವುದು ಸಾಧ್ಯವಿಲ್ಲ.

ಆ ಮಿತಿಯ ಸಮೀಪಕ್ಕೆ ಕರೆದೊಯ್ದವರಲ್ಲಿ ಮುಖ್ಯರು ಜ್ಯೂರಿಕ್‌ನ ಐ.ಬಿ.ಎಂ. ಪ್ರಯೋಗಶಾಲೆಯ ಗಾಟ್‌ಫ್ರೀಡ್ ಉಂಗರ್‌ಬೋಕ್. ಓಲೆಗರಿಯ ಪ್ರತಿಗಳನ್ನು ಸಂಪಾದಿಸಿದವರಿಗೆ ಅವರ ಯುಕ್ತಿ ಬಹು ಬೇಗ ಅರ್ಥವಾಗುತ್ತದೆ. ಲಿಪಿಕಾರನು ಒಂದು ಅಕ್ಷರವನ್ನು ತಪ್ಪಿ ಬರೆದರೆ ವೃತ್ತ ಕೆಡುತ್ತದೆ. ಕೆಟ್ಟ ವೃತ್ತವೇ ತಪ್ಪನ್ನು ತೋರಿಸಿಕೊಡುತ್ತದೆ. ಉಂಗರ್‌ಬೋಕ್ ಹದಿನಾರು ಸಂಕೇತಗಳು ಸಾಕಾಗುವಲ್ಲಿ ಮೂವತ್ತೆರಡನ್ನಿಟ್ಟು, ಒಂದರ ಹಿಂದೆ ಯಾವುದು ಬರಬಹುದೆಂಬುದಕ್ಕೆ ನಿಯಮ ಕಟ್ಟಿದರು. ಕೇಳುವ ಮೋಡೆಮ್ ಒಂದೊಂದೇ ಸಂಕೇತವನ್ನು ಬಿಡಿಯಾಗಿ ಊಹಿಸದೆ, ನಿಯಮಕ್ಕೊಪ್ಪುವ ಇಡೀ ಸಾಲನ್ನು ಆರಿಸಿಕೊಂಡಿತು. ಅವರ ಪ್ರಬಂಧ ೧೯೮೨ರಲ್ಲಿ ಪ್ರಕಟವಾಯಿತು. ೧೯೯೪ರ ಹೊತ್ತಿಗೆ ವೇಗ ೨೮,೮೦೦ಕ್ಕೂ, ೧೯೯೬ರಲ್ಲಿ ೩೩,೬೦೦ಕ್ಕೂ ಬಂದು ಮುಟ್ಟಿತು.

ಇಲ್ಲಿಗೆ ಕಥೆ ಮುಗಿಯಿತೆಂದೇ ಬಹುಮಂದಿ ಎಣಿಸಿದ್ದರು. ಆದರೆ ಶ್ಯಾನನ್ನರ ಸೂತ್ರ ಸುಳ್ಳಾಗದಿದ್ದರೂ, ಅದಕ್ಕೆ ಒದಗಿಸಿದ್ದ ಅಂಕಿಗಳು ಹಳೆಯ ಜಾಲದವು. ಅಷ್ಟರಲ್ಲಿ ವಿನಿಮಯ ಕೇಂದ್ರಗಳ ನಡುವಿನ ಜಾಲ ಅಂಕೀಯವಾಗಿ ಮಾರ್ಪಟ್ಟಿತ್ತು. ಅಲ್ಲಿ ಧ್ವನಿಯನ್ನು ಸೆಕೆಂಡಿಗೆ ೮,೦೦೦ ಬಾರಿ ಅಳೆದು ಅಂಕಿಗಳಾಗಿ ಕಳಿಸುತ್ತಿದ್ದರು. ಗದ್ದಲದ ದೊಡ್ಡ ಪಾಲು ಹುಟ್ಟುತ್ತಿದ್ದುದು ಹೀಗೆ ಅಳೆಯುವಾಗಲೇ. ಸೇವೆ ಕೊಡುವವನು ನೇರವಾಗಿ ಅಂಕೀಯ ಜಾಲಕ್ಕೆ ಸೇರಿಕೊಂಡರೆ ಅವನ ಕಡೆಯಿಂದ ಅಳೆಯುವ ಕೆಲಸವೇ ಇಲ್ಲ. ಅಳತೆಯೊಂದಕ್ಕೆ ಏಳು ಬಿಟ್‌ಗಳಂತೆ ೫೬,೦೦೦ ಬಿಟ್‌ಗಳು ಮನೆಗೆ ಬರಬಹುದು. ಮನೆಯಿಂದ ಹೊರಟದ್ದನ್ನು ಮಾತ್ರ ಅಳೆಯಲೇಬೇಕು. ವಿ.೯೦ ಮಾನದಂಡದಲ್ಲಿ ಆ ದಿಕ್ಕಿನ ವೇಗ ೩೩,೬೦೦ಕ್ಕೇ ನಿಂತಿತು.

ಭಾರತದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆಯನ್ನು ಆರಂಭಿಸಿದ್ದು ೧೯೯೫ರ ಆಗಸ್ಟ್ ೧೫ರಂದು. ಆ ಕಾಲದ ಮೋಡೆಮ್ ಸಂಪರ್ಕಕ್ಕೆ ಮೊದಲು ಕರ್ಕಶವಾಗಿ ಕಿರಿಚುತ್ತಿದ್ದುದನ್ನು ಹಲವರು ಮರೆತಿರಲಾರರು. ಅದು ಎರಡು ಯಂತ್ರಗಳು ನಡುವಿನ ತಂತಿಯನ್ನು ಪರೀಕ್ಷಿಸಿ, ಅದು ಎಷ್ಟು ವೇಗವನ್ನು ತಾಳೀತೆಂದು ಒಪ್ಪಂದಕ್ಕೆ ಬರುವ ಸಂಭಾಷಣೆ. ಪೆಟ್ಟಿಗೆಯ ಮೇಲೆ ಅಚ್ಚಾದ ವೇಗ ಒಂದು. ಒಪ್ಪಂದದಲ್ಲಿ ದೊರೆತ ವೇಗ ಇನ್ನೊಂದು. ಬಳಕೆದಾರನು ಗೋಡೆಯಿಂದ ಮೋಡೆಮ್‌ಗೆ ಹೋಗುವ ತಂತಿಯನ್ನು ಮೊಟಕಾಗಿಸಬಹುದಿತ್ತು. ಅದೇ ತಂತಿಗೆ ಕೂಡಿಸಿದ ಇತರ ಫೋನುಗಳನ್ನು ಕಳಚಬಹುದಿತ್ತು. ತುಕ್ಕು ಹಿಡಿದ ಕೀಲುಗಳನ್ನು ಹೊಸದು ಮಾಡಿಸಬಹುದಿತ್ತು. ಚಿತ್ರಗಳನ್ನು ತಡೆದು ಬರಹವನ್ನಷ್ಟೇ ತರಿಸಿಕೊಳ್ಳಬಹುದಿತ್ತು. ಇವೆಲ್ಲ ಗದ್ದಲವನ್ನೋ ಹೊರೆಯನ್ನೋ ಇಳಿಸುವ ಉಪಾಯಗಳು. ಮಿತಿಯನ್ನು ದಾಟಿಸುವ ಮಂತ್ರಗಳಲ್ಲ. ವಿನಿಮಯ ಕೇಂದ್ರಕ್ಕೂ ಮನೆಗೂ ಇದ್ದ ದೂರವಂತೂ ಅವನ ಕೈಯಲ್ಲಿರಲಿಲ್ಲ.

ಮುಂದೆ ಎ.ಡಿ.ಎಸ್.ಎಲ್. ವಿಧಾನವು ಅದೇ ತಾಮ್ರದ ತಂತಿಯಲ್ಲಿ ಮಾತಿಗೆ ಬೇಡವಾದ ಎತ್ತರದ ಕಂಪನಗಳನ್ನು ಬಳಸಿ ಸೆಕೆಂಡಿಗೆ ಲಕ್ಷಗಟ್ಟಲೆ ಬಿಟ್‌ಗಳನ್ನು ಸಾಗಿಸಿತು. ಆಗ ತಿಳಿದದ್ದು, ಅಷ್ಟು ಕಾಲ ತಂತಿಯ ದೌರ್ಬಲ್ಯವೆಂದು ತೋರಿದ್ದು ಬಹುಮಟ್ಟಿಗೆ ಮಾತಿನ ಅನುಕೂಲಕ್ಕೆಂದು ನಾವೇ ಹಾಕಿಕೊಂಡಿದ್ದ ಬೇಲಿಯೆಂಬುದು. ಅಮೆರಿಕದ ಎ.ಒ.ಎಲ್. ಕಂಪೆನಿ ತನ್ನ ಡಯಲ್-ಅಪ್ ಸೇವೆಯನ್ನು ೨೦೨೫ರ ಸೆಪ್ಟೆಂಬರ್ ೩೦ರಂದು ನಿಲ್ಲಿಸಿತು. ಅನುಮತಿಯ ಮಿತಿಯನ್ನು ನ್ಯಾಯವಿಚಾರಣೆ ತೆಗೆಯಿತು. ವ್ಯವಸ್ಥೆಯ ಮಿತಿಯನ್ನು ಬುದ್ಧಿ ತೆಗೆಯಿತು. ಪ್ರಕೃತಿಯ ಮಿತಿಯನ್ನು ಗಣಿತ ಗೌರವಿಸಿತು. ಆದರೆ ಎ.ಡಿ.ಎಸ್.ಎಲ್. ಕೂಡ ದೂರ ಹೆಚ್ಚಿದಂತೆ ಸೊರಗುತ್ತಿತ್ತು. ವಿನಿಮಯ ಕೇಂದ್ರದ ಪಕ್ಕದ ಮನೆಗೆ ಮೊದಲು ಬಂದ ವೇಗ, ಊರಾಚೆಯ ಮನೆಗೆ ಯಾವಾಗಲೂ ಕಡೆಗೇ ಬಂತು. ಆ ಅಂತರವನ್ನು ಅಳಿಸುವುದು ಸೂತ್ರದ ಕೆಲಸವಲ್ಲ, ಸಮಾಜದ ಕೆಲಸ.